ಯಂತ್ರಗಳ ಎಣ್ಣೆಕೊಳವೆಗಳಿಗೆ ನೆಯ್ಗೆಯ ಗವಸು

ವ್ಯವಸಾಯದ ಯಂತ್ರಗಳನ್ನು ಕೊಳ್ಳುವಾಗ ಭೂಮಾಲೀಕರು ಎಂಜಿನಿನ ಶಕ್ತಿಯನ್ನೂ ಚಕ್ರಗಳ ಗಾತ್ರವನ್ನೂ ಬೆಲೆಯನ್ನೂ ಬಹು ಜಾಗರೂಕತೆಯಿಂದ ವಿಚಾರಿಸುವರು. ಆದರೆ ಟ್ರಾಕ್ಟರಿನ ಹಿಂಬದಿಯಿಂದ ಟ್ರೈಲರಿನ ಜಾಕಿಗೂ, ಮಗುಚುವ ನೇಗಿಲಿಗೂ, ಮುಂಭಾಗದ ಲೋಡರಿಗೂ ಹಾಯ್ದುಹೋಗಿರುವ ಹೆಬ್ಬೆರಳು ಗಾತ್ರದ ಕಪ್ಪು ಕೊಳವೆಗಳ ಕಡೆಗೆ ದೃಷ್ಟಿ ಹಾಯಿಸುವವರು ವಿರಳ. ನೇಗಿಲನ್ನೂ ಮಣ್ಣಿನ ಹೊರೆಯನ್ನೂ ಎತ್ತುವುದು ಈ ಕೊಳವೆಗಳೊಳಗಿನ ಎಣ್ಣೆಯೇ. ಅವುಗಳಲ್ಲಿ ಒಂದು ಒಡೆದುದಾದರೆ ಕೊಯ್ಲಿನ ನಡುವೆ ಯಂತ್ರವು ನಿಲ್ಲುವುದು. ಆ ಗಳಿಗೆಯಲ್ಲಿ ಪಕ್ಕದಲ್ಲಿ ಮನುಷ್ಯನಿದ್ದರೆ ಅವನ ಕೈಗೋ ಕಣ್ಣಿಗೋ ಕೇಡು ತಟ್ಟಬಹುದು. ಈ ಎರಡು ಬಗೆಯ ಹಾನಿಯನ್ನೂ ಬಹಳ ಮಟ್ಟಿಗೆ ತಡೆಯತಕ್ಕ ಒಂದು ಸಾಮಾನ್ಯ ಸಾಧನವುಂಟು. ಅದು ಗಟ್ಟಿ ನೂಲಿನಿಂದ ಒತ್ತಾಗಿ ನೆಯ್ದ, ಎರಡು ಕೊನೆಗಳೂ ತೆರೆದಿರುವ, ಉದ್ದನೆಯ ತೋಳಿನಂತಹ ಬಟ್ಟೆ. ಅಂಗಡಿಗಳಲ್ಲಿ ಇದನ್ನು ಹೋಸ್ ಸ್ಲೀವ್ ಎಂದು ಕರೆಯುವರು. ತಂಬೂರಿಗೆ ಗವಸು ಇರುವಂತೆ ಕೊಳವೆಗೆ ಇದು ಗವಸು.

ಕೊಳವೆಯು ಉಜ್ಜಿ ಸವೆಯದಂತೆ ನೋಡಿಕೊಳ್ಳುವುದು ಕನ್ನಡ ನಾಡಿನ ರೈತರಿಗೆ ಹೊಸದಾದ ವಿಚಾರವಲ್ಲ. ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಚರ್ಮದ ಚೀಲದ ತಳಕ್ಕೆ ಆನೆಯ ಸೊಂಡಿಲಿನಂತೆ ಹೊಲಿದ ಚರ್ಮದ ಕೊಳವೆಯೊಂದಿರುತ್ತಿತ್ತು. ಅದು ಬಾವಿಯ ಬಾಯಿಯ ಕಲ್ಲಿಗೆ ಉಜ್ಜದಿರಲೆಂದೇ ಅಲ್ಲಿ ಮರದ ಉರುಳೆಯನ್ನು ಹಾಕುತ್ತಿದ್ದರು. ಆ ಸೊಂಡಿಲು ಹರಿದರೆ ನೀರು ಚೆಲ್ಲುತ್ತಿತ್ತೇ ಹೊರತು ಯಾರಿಗೂ ಗಾಯವಾಗುತ್ತಿರಲಿಲ್ಲ. ಇಂದಿನ ಕೊಳವೆಯ ಸ್ಥಿತಿ ಹಾಗಿಲ್ಲ.

ಎಣ್ಣೆಯ ಒತ್ತಡದಿಂದ ಸಲಕರಣೆಯನ್ನು ಎತ್ತಿ ಇಳಿಸುವ ಏರ್ಪಾಡನ್ನು ಟ್ರಾಕ್ಟರಿನಲ್ಲಿ ಬಳಕೆಗೆ ತಂದವರಲ್ಲಿ ಹ್ಯಾರಿ ಫರ್ಗುಸನ್ ಎಂಬವರು ಪ್ರಮುಖರು. ಅವರ ಏರ್ಪಾಡನ್ನುಳ್ಳ ಟ್ರಾಕ್ಟರು 1936ರಲ್ಲಿ ಇಂಗ್ಲೆಂಡಿನಲ್ಲಿಯೂ, 1939ರಲ್ಲಿ ಫೋರ್ಡ್ ಕಾರ್ಖಾನೆಯ ಮೂಲಕ ಅಮೆರಿಕದಲ್ಲಿಯೂ ಮಾರಾಟಕ್ಕೆ ಬಂದಿತು. ಮೊದಮೊದಲು ಎಣ್ಣೆಯು ಬಹುಪಾಲು ಯಂತ್ರದ ಒಡಲಿನಲ್ಲಿಯೇ ಹರಿಯುತ್ತಿತ್ತು. ಲೋಡರು, ಸುರಿಯುವ ಟ್ರೈಲರು, ಕೊಯ್ಲಿನ ಯಂತ್ರ ಮುಂತಾದುವು ಬೆಳೆದಂತೆಲ್ಲ ಕೊಳವೆಗಳು ಹೊರಗೆ ಬಂದುವು. ಕಲ್ಲು, ಮುಳ್ಳು, ಕಬ್ಬಿನ ಕೂಳೆಗಳ ಹೊಡೆತಕ್ಕೆ ಒಡ್ಡಿಕೊಂಡುವು. ಇಂದಿನ ಟ್ರಾಕ್ಟರುಗಳಲ್ಲಿ ಎಣ್ಣೆಯ ಒತ್ತಡವು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 150ರಿಂದ 200 ಕಿಲೋಗ್ರಾಂ ತೂಕದಷ್ಟಿರುವುದು. ಭಾರದ ಲಾರಿಯ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡವು ಸುಮಾರು 8 ಕಿಲೋಗ್ರಾಂ ಎಂಬುದನ್ನು ನೆನೆದರೆ ಇದರ ಉಗ್ರತೆ ಮನವರಿಕೆಯಾಗುವುದು.

ಇಷ್ಟು ಒತ್ತಡವನ್ನು ತಡೆದುಕೊಳ್ಳುವುದು ರಬ್ಬರಲ್ಲ. ಕೊಳವೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಮೂರು ಪದರಗಳು ಕಾಣುವುವು. ಒಳಗಿನ ರಬ್ಬರು ಎಣ್ಣೆಯನ್ನು ಹಿಡಿದಿಡುವುದು. ಅದರ ಮೇಲೆ ಒಂದು ಅಥವಾ ಎರಡು ಸುತ್ತು ಹೆಣೆದ ಸಣ್ಣ ಉಕ್ಕಿನ ತಂತಿಯು ಒತ್ತಡವನ್ನು ಹೊರುವುದು. ಹೊರಗಿನ ರಬ್ಬರು ಆ ತಂತಿಗೆ ಮಳೆ, ಮಣ್ಣು, ಗೊಬ್ಬರದ ನೀರು ತಗಲದಂತೆ ಕಾಯುವುದು. ಆದುದರಿಂದ ಕೊಳವೆಯ ಮೇಲೆ ಕಲ್ಲು ಬಡಿದು ಹೊರರಬ್ಬರು ಒಂದು ಬೆರಳಿನಷ್ಟು ಸೀಳಿದರೆ ಅಂದೇ ಏನೂ ಆಗುವುದಿಲ್ಲ. ಯಂತ್ರವು ಎಂದಿನಂತೆ ನಡೆಯುವುದು, ಚಾಲಕನು ಅದನ್ನು ಮರೆಯುವನು. ಮಳೆಗಾಲ ಕಳೆಯುವುದರೊಳಗೆ ತೇವವು ಸೀಳಿನಲ್ಲಿ ಇಳಿದು ತಂತಿಗೆ ತುಕ್ಕು ಹಿಡಿಯುವುದು. ಎಳೆಗಳು ಒಂದೊಂದಾಗಿ ಕಡಿದು, ಎಷ್ಟೋ ತಿಂಗಳ ಮೇಲೆ, ಪೂರ್ಣ ಭಾರವನ್ನು ಎತ್ತಿದ ಗಳಿಗೆಯಲ್ಲಿ ಕೊಳವೆ ಸಿಡಿಯುವುದು. ಪೆಟ್ಟು ಒಂದು ದಿನ, ಫಲ ಮತ್ತೊಂದು ದಿನ. ಅದರಿಂದಲೇ ಎಷ್ಟೋ ಮಂದಿ ಕೊಳವೆಯೇ ಕಳಪೆಯೆಂದು ದೂರಿ, ಹೊಸದನ್ನು ಹಾಕಿ, ಅದನ್ನೂ ಅದೇ ಚೂಪಾದ ಅಂಚಿಗೆ ಉಜ್ಜಲು ಬಿಡುವರು.

ಕೋಲಾರ, ತುಮಕೂರು ಸೀಮೆಗಳ ಕಲ್ಲುಬೆರೆತ ಕೆಂಪು ನೆಲದಲ್ಲಿ ಉಳುವಾಗ ಸಿಡಿದು ಬರುವ ಕಲ್ಲಿನಿಂದಲೂ, ಮಂಡ್ಯ, ಬೆಳಗಾವಿಗಳ ಕಬ್ಬಿನ ಗದ್ದೆಗಳಲ್ಲಿ ಕೂಳೆಯಿಂದಲೂ ಕೊಳವೆಗಳಿಗೆ ಪೆಟ್ಟು ಬೀಳುವುದು ಸಹಜ. ಗಂಗಾವತಿ, ಸಿಂಧನೂರುಗಳ ಕಡೆ ಭತ್ತದ ಕೊಯ್ಲಿಗೆ ಬರುವ ದೊಡ್ಡ ಯಂತ್ರಗಳಲ್ಲಿ ಹೊರಗಿನ ಹೊಡೆತಕ್ಕಿಂತ ಕೊಳವೆಗೆ ಕೊಳವೆಯೇ ತಾಗಿ ನಡುಕದಿಂದ ಸವೆಯುವ ತೊಂದರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕುದು. ಹೊರಗೆ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುವುದು. ಎರಡು ಕೊಳವೆಗಳು ಕೂಡುವ ಒಳಮಗ್ಗುಲಲ್ಲಿ ತಂತಿಯು ಹೊಳೆಯುತ್ತಿರುವುದು.

ಇದಕ್ಕೆ ಗ್ರಾಮಗಳಲ್ಲಿ ಮಾಡಿಕೊಳ್ಳುವ ಪರಿಹಾರವೆಂದರೆ ಗೋಣಿಪಟ್ಟೆಯನ್ನೋ ಹಳೆಯ ಸೈಕಲ್ ಟ್ಯೂಬನ್ನೋ ಸುತ್ತುವುದು. ಉದ್ದೇಶ ಒಳ್ಳೆಯದೇ, ಸಾಧನ ಮಾತ್ರ ತಕ್ಕುದಲ್ಲ. ಗೋಣಿಯು ನೀರನ್ನು ಹೀರಿ ದಿನಗಟ್ಟಲೆ ಒದ್ದೆಯಾಗಿರುವುದು. ಟ್ಯೂಬಿನ ಒಳಗೆ ಕೆಸರೂ ಮರಳೂ ಸೇರಿಕೊಂಡು ಅದೇ ಅರದಂತೆ ಕೊಳವೆಯನ್ನು ತೇಯುವುದು. ಗವಸಿಗಾಗಿ ಕಾರ್ಖಾನೆಗಳು ಆರಿಸಿರುವ ನೂಲು ಬೇರೆ. ಅದು ಬಹುಮಟ್ಟಿಗೆ ನೈಲಾನ್. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿಯಲ್ಲಿ ವ್ಯಾಲೇಸ್ ಕರೋಥರ್ಸ್ ಎಂಬ ರಸಾಯನಶಾಸ್ತ್ರಜ್ಞರ ತಂಡವು ಕಂಡುಹಿಡಿದ ಈ ನೂಲನ್ನು ಎರಡನೆಯ ಮಹಾಯುದ್ಧದಲ್ಲಿ ಸಿಡಿಗುಂಡಿನ ಚೂರುಗಳಿಂದ ವಿಮಾನಯೋಧರ ಮೈಯನ್ನು ಕಾಯುವ ಅಂಗಿಗಳಿಗೆ ದಪ್ಪವಾಗಿ ನೆಯ್ದರು. ಚೂರನ್ನು ತಡೆದ ಬಟ್ಟೆಯ ಜಾತಿಯೇ ಇಂದು ಕಲ್ಲನ್ನು ತಡೆಯುತ್ತಿದೆ. 1965ರಲ್ಲಿ ಅದೇ ಕಂಪೆನಿಯ ಸ್ಟೆಫನಿ ಕ್ವೊಲೆಕ್ ಎಂಬ ಮಹಿಳೆಯ ಸಂಶೋಧನೆಯಿಂದ ಹುಟ್ಟಿದ ಕೆವ್ಲಾರ್ ಎಂಬ ನೂಲು ಇನ್ನೂ ಬಲವಾದುದು. ಆದರೆ ಬೆಲೆ ಹೆಚ್ಚು, ಬಿಸಿಲಿಗೆ ಬಲಗುಂದುವುದು ಬೇರೆ. ಸಾಧಾರಣ ವ್ಯವಸಾಯಕ್ಕೆ ಕಪ್ಪು ಬಣ್ಣದ ನೈಲಾನೇ ಸಾಕು. ಕಪ್ಪು ಬಣ್ಣವು ಅಂದಕ್ಕಾಗಿ ಅಲ್ಲ. ನೂಲಿನಲ್ಲಿ ಬೆರೆಸಿದ ಕಾಡಿಗೆಯು ಬಿಸಿಲಿನ ಕೇಡನ್ನು ತಡೆಯುವುದು.

ಗವಸು ಎರಡು ಕೆಲಸಗಳನ್ನು ಮಾಡುವುದೆಂದು ಮೇಲೆ ಸೂಚಿಸಿದೆ. ಕೊಳ್ಳುವವರು ಇವೆರಡನ್ನೂ ಬೇರೆಬೇರೆಯಾಗಿ ತಿಳಿಯುವುದು ಅತ್ಯಾವಶ್ಯಕ. ಮೊದಲನೆಯದು ಹೊರಗಿನಿಂದ ಬರುವ ಪೆಟ್ಟನ್ನೂ ತಿಕ್ಕಾಟವನ್ನೂ ತಾನು ತೆಗೆದುಕೊಳ್ಳುವುದು. ಸಡಿಲವಾಗಿ ಕುಳಿತಿರುವ ಬಟ್ಟೆಯು ಕಲ್ಲು ಬಡಿದಾಗ ಸ್ವಲ್ಪ ಜರುಗಿ ಹೊಡೆತವನ್ನು ಅಗಲವಾಗಿ ಹಂಚುವುದು. ಬಿಗಿಯಾಗಿ ಎಳೆದು ಹಾಕಿದರೆ ಈ ಗುಣ ಹೋಗುವುದು. ಎರಡನೆಯದು ಒಳಗಿನಿಂದ ಬರುವ ಎಣ್ಣೆಯ ಸಿಡಿತವನ್ನು ತಡೆಯುವುದು. ಗವಸು ಎಣ್ಣೆಯ ಒತ್ತಡವನ್ನು ಹಿಡಿದು ನಿಲ್ಲಿಸಲಾರದು, ಹಿಡಿಯಬೇಕಾದುದೂ ಇಲ್ಲ. ಈಟಿಯಂತೆ ಹೊರಡುವ ಧಾರೆಯು ಒತ್ತಾದ ನೆಯ್ಗೆಗೆ ಬಡಿದು ತನ್ನ ರಭಸವನ್ನು ಕಳೆದುಕೊಂಡು, ಬಟ್ಟೆಯ ಮೂಲಕ ಜಿನುಗಿಯೂ ಗವಸಿನ ಕೊನೆಗಳಿಂದ ಸೋರಿಯೂ ಕೆಳಗಿಳಿದರೆ ಅದರ ಕೆಲಸ ಮುಗಿಯಿತು. ಪ್ಲಾಸ್ಟಿಕ್ಕಿನ ಸುರುಳಿಗಳು ಮತ್ತು ಬಲೆಯಂತೆ ಕಣ್ಣುಕಣ್ಣಾಗಿ ಹೆಣೆದ ಅಗ್ಗದ ಹೊದಿಕೆಗಳು ಮೊದಲನೆಯ ಕೆಲಸಕ್ಕೆ ಒದಗುವುವು. ಎರಡನೆಯದಕ್ಕೆ ಏನೇನೂ ಒದಗವು, ಏಕೆಂದರೆ ಧಾರೆಯು ಅವುಗಳ ಸಂದಿನಿಂದ ನೇರವಾಗಿ ಹೊರಬೀಳುವುದು. ಚಾಲಕನ ಆಸನದ ಪಕ್ಕದಲ್ಲಿಯೂ, ಆಳುಗಳು ನಿಂತು ಕೆಲಸ ಮಾಡುವ ಕಡೆಯಲ್ಲಿಯೂ ಹಾಯುವ ಕೊಳವೆಗಳಿಗೆ ಒತ್ತಾಗಿ ನೆಯ್ದ, ಸಿಡಿತಕ್ಕೆ ಪರೀಕ್ಷಿಸಿದುದೆಂದು ತಯಾರಕರು ಬರೆದುಕೊಟ್ಟ ಗವಸನ್ನೇ ಕೇಳಿ ಪಡೆಯತಕ್ಕುದು. ಉಳಿದೆಡೆಗಳಲ್ಲಿ ಅಗ್ಗದ ಸುರುಳಿ ಹಾಕಿದರೂ ಬಾಧಕವಿಲ್ಲ.

ಅಳತೆಯಲ್ಲಿ ತಪ್ಪುವುದೇ ಹೆಚ್ಚು. ಗವಸನ್ನು ಚಪ್ಪಟೆಯಾಗಿ ಹಾಸಿದಾಗಿನ ಅಗಲದಿಂದ ಮಾರುವರು. ಆ ಅಗಲವನ್ನು ಇಮ್ಮಡಿಸಿ 3.14ರಿಂದ ಭಾಗಿಸಿದರೆ ತುಂಬಿಕೊಂಡಾಗಿನ ವ್ಯಾಸ ದೊರೆಯುವುದು. 50 ಮಿಲಿಮೀಟರ್ ಅಗಲದ ಗವಸು ಸುಮಾರು 32 ಮಿಲಿಮೀಟರ್ ವ್ಯಾಸದ್ದಾಗುವುದು. ಒಳಗೆ ಅರ್ಧ ಅಂಗುಲ ರಂಧ್ರವಿರುವ ಎರಡು ತಂತಿಸುತ್ತಿನ ಕೊಳವೆಯ ಹೊರವ್ಯಾಸ ಸುಮಾರು 22 ಮಿಲಿಮೀಟರ್ ಆದುದರಿಂದ ಇದು ಧಾರಾಳವೆಂದು ತೋರಬಹುದು. ಆದರೆ ಗವಸು ತೂರಬೇಕಾದುದು ಕೊಳವೆಯ ಕೊನೆಯ ನಟ್ಟಿನ ಮೇಲೆ. ಆ ನಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದ ಮೇಲೆಯೇ ಗವಸನ್ನು ಕೊಳ್ಳತಕ್ಕುದು. ಉದ್ದದ ವಿಷಯದಲ್ಲಿಯೂ ಲೋಭವು ಸಲ್ಲದು. ಒತ್ತಡ ಬಂದಾಗ ಕೊಳವೆಯು ನೂರಕ್ಕೆ ಎರಡರಷ್ಟು ಉದ್ದವಾಗುವುದೂ ನಾಲ್ಕರಷ್ಟು ಗಿಡ್ಡವಾಗುವುದೂ ಉಂಟು. ಎರಡು ಮೀಟರಿನ ಕೊಳವೆ ನಾಲ್ಕು ಸೆಂಟಿಮೀಟರ್ ಬೆಳೆದರೆ, ಸರಿಯಾಗಿ ಅಷ್ಟೇ ಉದ್ದಕ್ಕೆ ಕತ್ತರಿಸಿದ ಗವಸು ಕೊನೆಯಲ್ಲಿ ಕೊಳವೆಯನ್ನು ಬರಿದಾಗಿ ಬಿಡುವುದು. ಕೊಳವೆ ಸಿಡಿಯುವುದು ಅನೇಕವೇಳೆ ಕಬ್ಬಿಣದ ತೊಡಿಗೆಯ ಹತ್ತಿರವೇ ಎಂಬುದನ್ನು ನೆನೆದರೆ ಆ ಬರಿದಾದ ಭಾಗವು ಎಷ್ಟು ಅಪಾಯಕರವೆಂಬುದು ತಿಳಿಯುವುದು. ಆದಕಾರಣ ಗವಸು ಎರಡು ಕಡೆಯೂ ತೊಡಿಗೆಯನ್ನು ಮುಚ್ಚುವಂತಿದ್ದು, ಜಾರದಂತೆ ಪಟ್ಟಿಯಿಂದ ಬಿಗಿಯಲ್ಪಟ್ಟಿರಬೇಕು.

ಕತ್ತರಿಸಿದ ಅಂಚು ಬಿಚ್ಚಿಕೊಳ್ಳದಂತೆ ಕಾದ ಅಲಗಿನಿಂದ ಕತ್ತರಿಸುವುದು ವಾಡಿಕೆ. ಕರಗಿದ ನೈಲಾನು ಚರ್ಮಕ್ಕೆ ಅಂಟಿದರೆ ಬಿಡಿಸಲಾಗದಂತೆ ಸುಡುವುದರಿಂದ ಈ ಕೆಲಸವನ್ನು ಹುಡುಗರಿಗೆ ಬಿಡಬಾರದು. ಈಗಾಗಲೇ ಯಂತ್ರಕ್ಕೆ ಜೋಡಿಸಿರುವ ಕೊಳವೆಗೆ, ಉದ್ದಕ್ಕೂ ಸೀಳಿದ್ದು ಅಂಟುಪಟ್ಟಿಯಿಂದ ಮುಚ್ಚುವ ಗವಸುಗಳು ದೊರೆಯುವುವು. ತಿಕ್ಕಾಟಕ್ಕೆ ಅವು ಅನುಕೂಲವೇ. ಸಿಡಿತಕ್ಕೆ ಅಂಟುಪಟ್ಟಿಯನ್ನು ನಂಬುವುದು ವಿವೇಕವಲ್ಲ. ಇನ್ನು ಎಂಜಿನಿನ ಹೊಗೆಕೊಳವೆಯ ಬಳಿ ನೈಲಾನು ಉಪಯೋಗಕ್ಕೆ ಬಾರದು. ಅಲ್ಲಿಗೆ ಗಾಜಿನ ನೂಲಿನಿಂದ ನೆಯ್ದು ಸಿಲಿಕೋನ್ ರಬ್ಬರನ್ನು ಬಳಿದ, ಸಾಮಾನ್ಯವಾಗಿ ಕೆಂಪು ಬಣ್ಣದ, ಸುಮಾರು 260 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಸತತವಾಗಿ ತಾಳುವ ಬೇರೊಂದು ಗವಸು ಉಂಟು.

ವಿದ್ಯುತ್ ಕೇಬಲ್ಲುಗಳಿಗೂ ಈ ಬಟ್ಟೆಯು ಉಪಯುಕ್ತ. ಕೊಳವೆಬಾವಿಯ ಪಂಪಿಗೆ ಇಳಿಯುವ ಮೂರು ತಂತಿಯ ಚಪ್ಪಟೆ ಕೇಬಲ್ಲು ಕಬ್ಬಿಣದ ಕೇಸಿಂಗಿನ ಬಾಯಿಯ ಅಂಚಿಗೆ ಉಜ್ಜುವ ಸ್ಥಳದಲ್ಲಿಯೂ, ಅಲ್ಲಿಂದ ಪಂಪುಮನೆಗೆ ನೆಲದ ಮೇಲೆ ಹಾಯುವ ಭಾಗದಲ್ಲಿ ಗಾಡಿಯ ಚಕ್ರ, ಗುದ್ದಲಿ, ದನಗಳ ಗೊರಸು ತಗಲುವಲ್ಲಿಯೂ ಗವಸು ಹಾಕಿದರೆ ಹೊದಿಕೆಯ ಆಯುಷ್ಯ ಹೆಚ್ಚುವುದು. ಆದರೆ ನೆಯ್ಗೆಯು ವಿದ್ಯುತ್ತನ್ನು ತಡೆಯುವ ವಸ್ತುವಲ್ಲ. ತಂತಿ ಹೊರಗೆ ಕಂಡ ಕೇಬಲ್ಲಿಗೆ ಗವಸು ತೊಡಿಸಿ ಬಳಸುವುದು ಸಾವನ್ನು ಮುಚ್ಚಿಟ್ಟಂತೆ. ಅಂತಹ ಕೇಬಲ್ಲನ್ನು ಬದಲಾಯಿಸಲೇಬೇಕು. ಇಲಿಯ ಹಲ್ಲಿಗೂ ಬಟ್ಟೆ ತಡೆಯಾಗದು. ಅದರ ಕಾಟವಿದ್ದ ಕಡೆ ಕಬ್ಬಿಣದ ಕೊಳವೆಯೊಳಗೆ ಕೇಬಲ್ಲನ್ನು ಹಾಯಿಸುವುದೇ ಮೇಲು.

ಎಣ್ಣೆಯ ಸಿಡಿತದಿಂದಾಗುವ ಗಾಯದ ವಿಚಾರವನ್ನು ಗ್ರಾಮದ ಮುಖಂಡರು ಚೆನ್ನಾಗಿ ತಿಳಿದಿರುವುದು ಒಳ್ಳೆಯದು, ಏಕೆಂದರೆ ನೋಡಿದವರನ್ನು ಮೋಸಗೊಳಿಸುವ ಗಾಯವದು. ಕೊಳವೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೆ ಹೊರಡುವ ಧಾರೆಯು ಕಣ್ಣಿಗೆ ಕಾಣದಷ್ಟು ಸಣ್ಣದು. ಎಲ್ಲಿ ಸೋರುತ್ತಿದೆಯೆಂದು ಕೈಯಾಡಿಸಿದವನ ಚರ್ಮವನ್ನು ಅದು ತೂರಿ ಎಣ್ಣೆಯನ್ನು ಮಾಂಸದೊಳಕ್ಕೆ ನುಗ್ಗಿಸುವುದು. ಇಂತಹ ಗಾಯವನ್ನು ವೈದ್ಯರು 1937ರಷ್ಟು ಹಿಂದೆಯೇ, ಡೀಸೆಲ್ ಎಂಜಿನಿನ ಎಣ್ಣೆ ತಾಗಿದ ಪ್ರಕರಣದಲ್ಲಿ, ವೈದ್ಯಕೀಯ ಪತ್ರಿಕೆಯಲ್ಲಿ ವರ್ಣಿಸಿರುವರು. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ಗುರುತು, ನೋವೂ ಅಲ್ಪ. ಅರಿಸಿನ ಹಚ್ಚಿ ಮಲಗುವರು. ಬೆಳಗಾಗುವಷ್ಟರಲ್ಲಿ ಕೈ ಊದಿ, ಒಳಗೆ ಮಾಂಸ ಕೊಳೆಯತೊಡಗುವುದು. ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗುವ ಸಂಭವವು ಹೆಚ್ಚುವುದು. ಗಾಯ ಎಷ್ಟೇ ಚಿಕ್ಕದಾಗಿರಲಿ, ಆ ಆಳನ್ನು ಕೂಡಲೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಒಯ್ದು, ಒತ್ತಡದ ಎಣ್ಣೆಯು ಒಳಹೊಕ್ಕಿದೆಯೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಸೋರಿಕೆಯನ್ನು ಹುಡುಕುವುದಾದರೆ ರಟ್ಟನ್ನೋ ಹಲಗೆಯ ತುಂಡನ್ನೋ ಹಿಡಿಯುವುದು ಕ್ರಮ. ಕೈಯನ್ನು ಎಂದಿಗೂ ಹಿಡಿಯಬಾರದು.

ಗವಸು ಹಾಕಿದ ಮೇಲೆ ಒಂದು ತೊಡಕು ಹುಟ್ಟುವುದನ್ನು ಮರೆಮಾಚಲಾಗದು. ಅದು ಕೊಳವೆಯನ್ನು ಕಾಯುವಂತೆಯೇ ಕೊಳವೆಯ ದೋಷವನ್ನೂ ಮುಚ್ಚುವುದು. ಆದುದರಿಂದ ಪ್ರತಿ ಹಂಗಾಮಿಗೆ ಮುಂಚೆ ಸಲಕರಣೆಯನ್ನು ನೆಲಕ್ಕೆ ಇಳಿಸಿ, ಎಂಜಿನನ್ನು ನಿಲ್ಲಿಸಿ, ಹಿಡಿಗಳನ್ನು ಹಿಂದೆಮುಂದೆ ಆಡಿಸಿ ಒತ್ತಡವನ್ನು ಕಳೆದ ತರುವಾಯ, ಪಟ್ಟಿಯನ್ನು ಸಡಿಲಿಸಿ ಗವಸನ್ನು ಸರಿಸಿ ಕೊಳವೆಯನ್ನು ಉದ್ದಕ್ಕೂ ನೋಡತಕ್ಕುದು. ಎಣ್ಣೆ ಜಿನುಗಿ ನೆನೆದ ಗವಸನ್ನು ಒರಸಿ ಮತ್ತೆ ತೊಡಿಸುವುದು ಸರಿಯಲ್ಲ. ಅದು ಒಳಗಿನ ಕೊಳವೆಯ ಅವಸಾನವನ್ನು ತಿಳಿಸುತ್ತಿರುವುದು. ಯಂತ್ರವನ್ನು ಬಾಡಿಗೆಗೆ ತರಿಸುವ ಗ್ರಾಮಗಳಲ್ಲಿ, ಅದು ಗದ್ದೆಗೆ ಇಳಿಯುವ ಮೊದಲೇ ಕೊಳವೆಗಳನ್ನು ತೋರಿಸುವಂತೆ ಯಂತ್ರದವರನ್ನು ಕೇಳುವ ಹಕ್ಕು ಬಾಡಿಗೆ ಕೊಡುವವರಿಗೆ ಉಂಟು. ತಂತಿ ಹೊರಗೆ ಕಂಡ ಕೊಳವೆಯುಳ್ಳ ಯಂತ್ರವನ್ನು, ಮಳೆ ಬರುವಂತಿದ್ದರೂ, ಕೊಳವೆ ಬದಲಾಗುವವರೆಗೆ ಬದುವಿನಲ್ಲಿಯೇ ನಿಲ್ಲಿಸತಕ್ಕುದು.