ಅಜ್ಜನ ಕೋವಿಗೆ ಎಷ್ಟು ಬೆಲೆ?

ಜೋಡುನಳಿಗೆ ರೈಫಲ್ ಕೈಗೆ ಬಂದರೆ ಅವರು ಮೊದಲು ನೋಡುವುದಿಲ್ಲ, ಕೇಳುತ್ತಾರೆ. ಮರದಿಂದ ನಳಿಗೆಗಳನ್ನು ಬಿಡಿಸಿಕೊಂಡು, ಅಡಿಯ ಕೊಕ್ಕೆಗೆ ಬೆರಳು ಸಿಕ್ಕಿಸಿ ತೂಗುಬಿಟ್ಟು, ಇನ್ನೊಂದು ಕೈಯ ಉಗುರಿನಿಂದ ಮೆಲ್ಲಗೆ ತಟ್ಟುತ್ತಾರೆ. ಪೂಜೆಯ ಕೈಗಂಟೆಯ ಹಾಗೆ ನಾದ ಎಳೆದುಕೊಂಡು ಹೋದರೆ ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಯ ಬೆಸುಗೆ ಗಟ್ಟಿಯಾಗಿದೆ ಎಂದರ್ಥ. ತಟ್ಟಿದ ಸದ್ದು ಅಲ್ಲೇ ಸತ್ತರೆ ಎಲ್ಲೋ ಬೆಸುಗೆ ಬಿಟ್ಟಿದೆ, ಪಟ್ಟಿಯ ಕೆಳಗೆ ನೀರು ಹೊಕ್ಕು ತುಕ್ಕು ತಿನ್ನುತ್ತಿರಬಹುದು. ಅಂಥ ಕೋವಿ ಹೊರಗೆ ಎಷ್ಟು ಫಳಫಳ ಹೊಳೆದರೂ ಅವರು ತಲೆಯಾಡಿಸಿ ಪಕ್ಕಕ್ಕಿಡುತ್ತಾರೆ.

ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ, ಹೆಂಚಿನ ಮಾಡಿನ ಕೋಣೆಯೊಂದರಲ್ಲಿ ಕೂತು ಕೋವಿ ರಿಪೇರಿ ಮಾಡುವ ಈ ಹಿರಿಯರನ್ನು ಸುತ್ತಲಿನವರೆಲ್ಲ ‘ಆಚಾರ್ರು’ ಎಂದೇ ಕರೆಯುತ್ತಾರೆ. ಪತ್ರಿಕೆಯಲ್ಲಿ ಹೆಸರು ಬರುವುದು ಬೇಡ ಎಂದರು, ನಾನೂ ಒತ್ತಾಯಿಸಲಿಲ್ಲ. ಮುರಿದ ಸ್ಪ್ರಿಂಗಿಗೆ ಬದಲಿ ಸಿಗದಿದ್ದರೆ ಉಕ್ಕಿನ ಪಟ್ಟಿಯನ್ನು ಅರದಲ್ಲಿ ಉಜ್ಜಿ ತಾವೇ ಮಾಡಿ ಕೂರಿಸುತ್ತಾರೆ. ಆದರೆ ಜನ ಅವರಲ್ಲಿಗೆ ಹೆಚ್ಚಾಗಿ ಬರುವುದು ರಿಪೇರಿಗಲ್ಲ. ಅಜ್ಜನಿಂದ ಬಂದ ಬೇಟೆ ರೈಫಲ್ಲನ್ನು ಮಾರಬೇಕೆನ್ನುವವರು, ಕೊಳ್ಳಬೇಕೆನ್ನುವವರು, ಅಣ್ಣತಮ್ಮಂದಿರ ಪಾಲಿನಲ್ಲಿ ಅದಕ್ಕೊಂದು ಮೊತ್ತ ಹಾಕಬೇಕಾದವರು, ಎಲ್ಲರಿಗೂ ಬೇಕಾದದ್ದು ಒಂದೇ: ನ್ಯಾಯವಾದ ಬೆಲೆ.

ಕೊಡಗಿನಲ್ಲಿ ಈ ಪ್ರಶ್ನೆ ಬೇರೆಡೆಗಿಂತ ಹೆಚ್ಚು ಏಳುವುದಕ್ಕೆ ಕಾರಣವಿದೆ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. ಮುಂದೆ ದೇಶದ ಉಳಿದ ಜನರ ಆಯುಧಗಳಿಗೆ ಕಡಿವಾಣ ಬಿದ್ದಾಗ, 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆ ವಿನಾಯಿತಿ ಈಗಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಜನರ ಬಾಯಲ್ಲಿ ಇವು ‘ಜಮ್ಮಾ ಕೋವಿ’ಗಳು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಜೋಡಿ ಗುಂಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ಸೆಪ್ಟೆಂಬರ್ ಮೊದಲ ವಾರದ ಹಬ್ಬ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂವ್ ಎಂಬ ಹೂ ಸಿಕ್ಕಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಹೀಗೆ ಮನೆಯ ಒಬ್ಬ ಸದಸ್ಯನಂತೆ ಉಳಿದ ವಸ್ತುವಿಗೆ ರೂಪಾಯಿ ಲೆಕ್ಕ ಹಾಕುವುದು ಕೈಗೂ ಕಷ್ಟ, ಮನಸ್ಸಿಗೂ ಕಷ್ಟ.

ನಾನು ಕೂತಿದ್ದಾಗ ಕಾಫಿ ತೋಟದ ಮನೆಯ ಯುವಕನೊಬ್ಬ ಕಂಬಳಿಯಲ್ಲಿ ಸುತ್ತಿದ ರೈಫಲ್ ತಂದ. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ .318, ಮೌಸರ್ ಮಾದರಿಯ ಬೋಲ್ಟ್ ಇರುವ ಒಂಟಿ ನಳಿಗೆ. 1812ರಲ್ಲಿ ಶುರುವಾದ ಈ ಕಂಪನಿ .318 ತೋಟಾವನ್ನು ಹೊರತಂದದ್ದು 1910ರಲ್ಲಿ. 250 ಗ್ರೇನ್ ತೂಕದ ಅದರ ಗುಂಡು ಆಫ್ರಿಕಾದಲ್ಲಿಯೂ ಭಾರತದಲ್ಲಿಯೂ ದೊಡ್ಡ ಹೆಸರು ಮಾಡಿತ್ತು. “ಆಚಾರ್ರೇ, ಇಂಗ್ಲೆಂಡಿನಲ್ಲಿ ಇದಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ” ಎಂದ ಯುವಕ. “ಇರಬಹುದು. ನಿಮ್ಮಜ್ಜ ಇದನ್ನು ಹೇಗೆ ಇಟ್ಟುಕೊಂಡಿದ್ರು ಅಂತ ಮೊದಲು ನೋಡೋಣ” ಎಂದರು ಆಚಾರ್ರು.

ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಬೋಲ್ಟನ್ನು ಎಳೆದು ತೆಗೆದು ಮೇಜಿನ ಮೇಲಿಟ್ಟರು. ಅದರ ನಂಬರನ್ನೂ ನಳಿಗೆಯ ಬುಡದ ನಂಬರನ್ನೂ ಭೂತಗನ್ನಡಿಯಲ್ಲಿ ಹಿಡಿದು ಓದಿದರು, ಎರಡೂ ಒಂದೇ. ಬೋಲ್ಟ್ ಬೇರೆ ಕೋವಿಯದ್ದಾಗಿದ್ದರೆ ತೋಟಾ ಕೂರುವ ಜಾಗದ ಅಳತೆ ತಪ್ಪಿ, ಗುಂಡು ಹಾರಿಸಿದಾಗ ಕವಚ ಹಿಂದಕ್ಕೆ ಸೀಳುವ ಅಪಾಯವಿದೆ. ಆದ್ದರಿಂದ ನಂಬರು ಕೂಡುವುದು ಬೆಲೆಯ ಮಾತಷ್ಟೇ ಅಲ್ಲ, ಮುಖ ಕಣ್ಣು ಉಳಿಯುವ ಮಾತು.

ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ತುದಿಯಿಂದ ನೋಡಿದರು, ತಿರುಗಿಸಿ ಇನ್ನೊಂದು ತುದಿಯಿಂದ ನೋಡಿದರು. ನನಗೂ ಕೊಟ್ಟರು. ಒಳಗೆ ಸುತ್ತಿಕೊಂಡು ಹೋಗುವ ಗೀರುಗಳ ಅಂಚು ಚೂಪಾಗಿಯೇ ಇತ್ತು. ತೋಟಾ ಮುಗಿದು ಗೀರು ಶುರುವಾಗುವ ಜಾಗದಲ್ಲಿ ಮಾತ್ರ ಒಂದೆರಡು ಇಂಚು ಮಂಜು ಹಿಡಿದ ಹಾಗೆ ಬೂದು ಬಣ್ಣ. ಹಳೆಯ ತೋಟಾಗಳಲ್ಲಿ ಕಾರ್ಡೈಟ್ ತುಂಬಿರುತ್ತಿತ್ತು. ಅದು ಉರಿಯುವ ಬಿಸಿ ಬಹಳ ಜೋರು, ಗಂಟಲಿನ ಆ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ಅದಕ್ಕಿಂತ ಕೆಟ್ಟದ್ದು ಆ ಕಾಲದ ಕೇಪು. ಸಿಡಿದ ಮೇಲೆ ಅದು ನಳಿಗೆಯಲ್ಲಿ ಒಂದು ಬಗೆಯ ಉಪ್ಪನ್ನು ಬಿಟ್ಟುಹೋಗುತ್ತಿತ್ತು. ಉಪ್ಪು ಗಾಳಿಯ ತೇವವನ್ನು ಹೀರುತ್ತದೆ, ತೇವ ಉಕ್ಕಿನಲ್ಲಿ ಗುಳಿ ಬೀಳಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಕೊಡಗಿನಲ್ಲಿ ಒಂದು ರಾತ್ರಿಯ ಸೋಮಾರಿತನ ಸಾಕು. ಎಣ್ಣೆ ಹಾಕಿದರೆ ಈ ಉಪ್ಪು ಕರಗುವುದಿಲ್ಲ, ಅದಕ್ಕೆ ನೀರೇ ಬೇಕು. ತಿಳಿದವರು ಬೇಟೆಯಿಂದ ಬಂದ ಕೂಡಲೇ ನಳಿಗೆಗೆ ಕುದಿಯುವ ನೀರು ಹೊಯ್ದು, ಒರೆಸಿ ಒಣಗಿಸಿ, ಆಮೇಲಷ್ಟೇ ಎಣ್ಣೆ ಹಚ್ಚುತ್ತಿದ್ದರು. “ನಿಮ್ಮಜ್ಜ ಬಿಸಿನೀರು ಹಾಕದೆ ಮಲಗಿದವರಲ್ಲ” ಎಂದರು ಆಚಾರ್ರು. ತನ್ನ ಅಜ್ಜನ ಬಗ್ಗೆ ಆ ಯುವಕ ಆವತ್ತು ಹೊಸದಾಗಿ ತಿಳಿದುಕೊಂಡದ್ದು ಇದು.

ಮುಂದೆ ಬಾಯಿಯ ಪರೀಕ್ಷೆ. ಮದ್ದಿಲ್ಲದ ಒಂದು ಡಮ್ಮಿ ತೋಟಾದ ಗುಂಡಿನ ಮೂತಿಯನ್ನು ನಳಿಗೆಯ ಬಾಯಿಗೆ ಇಳಿಸಿದರು. ಗುಂಡು ಪೂರ್ತಿ ಮುಳುಗಿ ಕವಚದ ಅಂಚು ನಳಿಗೆಗೆ ತಾಗಿದರೆ ಬಾಯಿ ಸವೆದಿದೆ ಎಂದು ಲೆಕ್ಕ. ಕೊಳಕು ಒರೆಸುವ ಸರಳನ್ನು ವರ್ಷಗಟ್ಟಲೆ ಬಾಯಿಯ ಕಡೆಯಿಂದ ತುರುಕಿದ ಕೋವಿಗಳಲ್ಲಿ ಹೀಗಾಗುತ್ತದೆ. ಇದರಲ್ಲಿ ಗುಂಡು ಸ್ವಲ್ಪ ಮೇಲೆಯೇ ನಿಂತಿತು.

ಇಲ್ಲಿಯವರೆಗೆ ಏರುತ್ತಿದ್ದ ಬೆಲೆ ಮರದ ಹತ್ತಿರ ಬಂದಾಗ ಇಳಿಯತೊಡಗಿತು. ಆಕ್ರೋಟ್ ಮರದ ಹಿಡಿಗೆ ಯಾರೋ ಇತ್ತೀಚೆಗೆ ಮರಳು ಕಾಗದ ಉಜ್ಜಿ, ಕುರ್ಚಿಗೆ ಬಳಿಯುವ ವಾರ್ನಿಷ್ ಬಳಿದಿದ್ದರು. ಕೈ ಜಾರದಿರಲೆಂದು ಕೆತ್ತಿದ್ದ ಚೌಕುಳಿ ಗೀರುಗಳು ಅರ್ಧ ಮಾಸಿದ್ದವು. ಮೇಲ್ಭಾಗದಲ್ಲಿ ದೂರದರ್ಶಕ ಕೂರಿಸಲು ನಾಲ್ಕು ತೂತು ಕೊರೆಯಲಾಗಿತ್ತು. “ಅಪ್ಪ ಮಾಡಿಸಿದ್ದು” ಎಂದ ಯುವಕ. ಆಚಾರ್ರು ಏನೂ ಹೇಳದೆ ಬೆರಳಿನಿಂದ ಆ ತೂತುಗಳನ್ನು ಒಂದೊಂದಾಗಿ ಮುಟ್ಟಿದರು. ಹಳೆಯ ಕೋವಿಯಲ್ಲಿ ಕೈ ಹಿಡಿದು ಹಿಡಿದು ನೀಲಿ ಬಣ್ಣ ಮಾಸಿ ಬೆಳ್ಳಿಯಂತಾಗಿದ್ದರೆ ಅದು ಊನವಲ್ಲ. ಹೊಸದಾಗಿ ಬಣ್ಣ ಏರಿಸಿದ್ದರೆ, ಉಜ್ಜಿ ಪಾಲಿಶ್ ಮಾಡಿ ಕೆತ್ತನೆಯ ಅಂಚು ಮೊಂಡಾಗಿದ್ದರೆ, ಅದು ಊನ. ತಿರುಪುಗಳ ತಲೆಯನ್ನೂ ಅವರು ಬಿಡುವುದಿಲ್ಲ. ಒಳ್ಳೆಯ ಇಂಗ್ಲಿಷ್ ಕೋವಿಯಲ್ಲಿ ತಿರುಪಿನ ಸೀಳು ನಳಿಗೆಯ ಉದ್ದಕ್ಕೆ ಸಮನಾಗಿ ನಿಂತಿರುತ್ತದೆ. ಸೀಳು ಹರಿದು ವಕ್ರವಾಗಿದ್ದರೆ ಕೈ ಬಾರದವನು ಒಳಗೆ ಕೈ ಹಾಕಿದ್ದಾನೆ.

ನಳಿಗೆಯ ಅಡಿಯ ಸಣ್ಣ ಮುದ್ರೆಗಳನ್ನು ಓದುವುದು ಇನ್ನೊಂದು ವಿದ್ಯೆ. ಇಂಗ್ಲೆಂಡಿನಲ್ಲಿ ಕೋವಿ ಮಾರಾಟಕ್ಕೆ ಹೋಗುವ ಮೊದಲು ಹೆಚ್ಚಿನ ಮದ್ದು ತುಂಬಿ ಸಿಡಿಸಿ ಪರೀಕ್ಷಿಸಬೇಕೆಂಬುದು ಕಾನೂನು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ಹುಟ್ಟಿದ್ದು 1813ರಲ್ಲಿ. 1904ರ ನಂತರ ಅಲ್ಲಿ ಕಿರೀಟದ ಕೆಳಗೆ ‘ಬಿಪಿ’, ‘ಬಿವಿ’, ‘ಎನ್‌ಪಿ’ ಅಕ್ಷರಗಳನ್ನು ಹೊಡೆಯುತ್ತಿದ್ದರು. ‘ಎನ್‌ಪಿ’ ಇದ್ದರೆ ಹೊಸ ಬಗೆಯ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ. ಅದಿಲ್ಲದ, ಕರಿಮದ್ದಿನ ಕಾಲದ ರೈಫಲ್ಲಿಗೆ ಇಂದಿನ ತೋಟಾ ಹಾಕುವುದು ಸಾವನ್ನು ಕರೆದಂತೆ. ಕಲ್ಕತ್ತೆಯ ಮ್ಯಾಂಟನ್, ರೊಡ್ಡಾ, ಮದರಾಸಿನ ಪಿ. ಓರ್ ಅಂಗಡಿಗಳು ತಮ್ಮ ಹೆಸರು ಕೆತ್ತಿಸಿ ಮಾರಿದ ಎಷ್ಟೋ ಕೋವಿಗಳ ನಿಜವಾದ ಹುಟ್ಟೂರನ್ನು ಹೇಳುವುದೂ ಈ ಮುದ್ರೆಗಳೇ.

ಇಷ್ಟಾದ ಮೇಲೆ ಬರುವುದು ಎಲ್ಲಕ್ಕಿಂತ ಕಟುವಾದ ಪ್ರಶ್ನೆ: ತೋಟಾ ಸಿಗುತ್ತದೆಯೇ? ನಮ್ಮ ಸರ್ಕಾರಿ ಕಾರ್ಖಾನೆಗಳು .315 ತೋಟಾ ಮಾಡುತ್ತವೆ, ಇಶಾಪುರದಲ್ಲಿ ಅದೇ ಅಳತೆಯ ರೈಫಲ್ಲನ್ನೂ ಮಾಡುತ್ತವೆ. .318ಕ್ಕೆ ಇಲ್ಲಿ ತೋಟಾ ಇಲ್ಲ. ಸೈನ್ಯದ .303 ಅಂತೂ ನಿಷೇಧಿತ ಅಳತೆ. ಹಾಗಾಗಿ ಲಂಡನ್ನಿನ ಹರಾಜಿನಲ್ಲಿ ತಲೆಯೆತ್ತಿ ನಿಲ್ಲುವ ರೈಫಲ್ಲು ಇಲ್ಲಿ ಸಾಧಾರಣ .30-06ರ ಮುಂದೆ ಸೋಲುವುದುಂಟು. ಹೊರಗಿನ ಬೆಲೆಯನ್ನು ಇಲ್ಲಿಗೆ ತರಲಾಗದ್ದಕ್ಕೆ ಬೇರೆ ಕಾರಣಗಳೂ ಇವೆ. 1980ರ ದಶಕದ ಮಧ್ಯದಿಂದ ಖಾಸಗಿ ಆಮದು ನಿಂತಿದೆ, ಆದ್ದರಿಂದ ಒಳ್ಳೆಯ ವಿದೇಶಿ ಕೋವಿಯ ಬೆಲೆ ಏರಿತು. ಇನ್ನೊಂದು ಕಡೆ, ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತವೆ, ಖಾಸಗಿಯವರು ಅವನ್ನು ಹೊರದೇಶಕ್ಕೆ ಮಾರುವಂತಿಲ್ಲ. ಅದೇ 1972ರ ವನ್ಯಜೀವಿ ಕಾಯ್ದೆ ಬೇಟೆಗೆ ತೆರೆ ಎಳೆಯಿತು. ಅದು ಆಗಲೇಬೇಕಾಗಿದ್ದ ಕೆಲಸ. ಕಾಡು ಉಳಿದದ್ದೇ ಅದರಿಂದ. ಆಯುಧ ಕಾಯ್ದೆಯ 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮಾರುವವರು ಹೆಚ್ಚಿದರು, ಕೊಳ್ಳಲು ಅರ್ಹರಾದವರು ಹೆಚ್ಚಲಿಲ್ಲ.

ಕತೆಗೂ ಬೆಲೆಯಿದೆ, ಆದರೆ ದಾಖಲೆ ಇರುವ ಕತೆಗೆ ಮಾತ್ರ. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣು ಹುಲಿಯನ್ನು ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಜಿಮ್ ಕಾರ್ಬೆಟ್‌ಗೆ .275 ರಿಗ್ಬಿ ರೈಫಲ್ಲನ್ನು ಉಡುಗೊರೆ ಕೊಟ್ಟರು. ಅದರ ಮರದ ಮೇಲೆ ಆ ವಿಷಯ ಕೆತ್ತಿದ ಬೆಳ್ಳಿ ತಗಡು ಇದೆ. ಕಾರ್ಬೆಟ್ ನಂತರ ಅದು ಅವರ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿತ್ತು, ಈಚೆಗೆ ರಿಗ್ಬಿ ಕಂಪನಿಯೇ ಮರಳಿ ಪಡೆಯಿತು. ತಗಡು ಕಳಚಿದರೆ ಅದು ಅದೇ ಕಾಲದ ಇನ್ನೊಂದು ರಿಗ್ಬಿ ಅಷ್ಟೆ. ತೇಜಸ್ವಿಯವರ ಕನ್ನಡದಿಂದ ನಮ್ಮೆಲ್ಲರಿಗೂ ಹತ್ತಿರವಾದ ಕೆನೆತ್ ಆಂಡರ್ಸನ್ ಬಳಸಿದ್ದು .405 ವಿಂಚೆಸ್ಟರ್. ಆ ಮಾದರಿಯ ರೈಫಲ್ ಇಟ್ಟುಕೊಂಡವರು ಯಾರಾದರೂ ‘ಇದೇ ಅದು’ ಎಂದರೆ ಆಚಾರ್ರು ಕೇಳುವುದು ಒಂದೇ ಮಾತು: “ಕಾಗದ ಉಂಟಾ?”

ಅವರು ಲೆಕ್ಕ ಹಾಕುವ ಕ್ರಮ ನನಗೆ ಬಹಳ ಹಿಡಿಸಿತು. ಮೊದಲು, ಅದೇ ಕೆಲಸಕ್ಕೆ ಬರುವ, ತೋಟಾ ಸಿಗುವ ಒಂದು ಸಾಧಾರಣ ಕೋವಿ ಈಗ ಎಷ್ಟಕ್ಕೆ ಹೋಗುತ್ತಿದೆ ಎಂಬುದನ್ನು ಚೀಟಿಯಲ್ಲಿ ಬರೆಯುತ್ತಾರೆ. ತಯಾರಕನ ಹೆಸರಿಗೆ, ಒಳ್ಳೆಯ ನಳಿಗೆಗೆ, ಕೂಡುವ ನಂಬರಿಗೆ ಸೇರಿಸುತ್ತಾರೆ. ಸಿಗದ ತೋಟಾಕ್ಕೆ, ಕೊರೆದ ತೂತಿಗೆ, ಉಜ್ಜಿದ ಮರಕ್ಕೆ ಕಳೆಯುತ್ತಾರೆ. ಅಜ್ಜನ ಮೇಲಿನ ಪ್ರೀತಿಗೆ ಚೀಟಿಯಲ್ಲಿ ಜಾಗವಿಲ್ಲ. ಅದನ್ನು ಕೊಳ್ಳುವವನು ಕೊಡಬೇಕಾಗಿಲ್ಲ, ಮಾರುವವನು ಬಿಡಬೇಕಾಗಿಯೂ ಇಲ್ಲ ಎನ್ನುತ್ತಾರೆ. ಅಂದಿನ ಮೊತ್ತ ಯುವಕನ ನಿರೀಕ್ಷೆಯ ಅರ್ಧವನ್ನು ಸ್ವಲ್ಪ ದಾಟಿತ್ತು. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟು, ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೇ ಒಯ್ದ.

ಈ ಕೈಗುಣ ಯಾರಿಗೆ ಹೋಗುತ್ತದೆ? ಆಚಾರ್ರ ಬಳಿ ಕಲಿಯಲು ಈಗ ಯಾರೂ ಕೂತಿಲ್ಲ. ಲೈಸೆನ್ಸಿನ ಕಾಗದಪತ್ರ ಹೆಚ್ಚಿದೆ, ಕೆಲಸ ಕಡಿಮೆಯಾಗಿದೆ. ಕೋವಿಗಳ ಪಾಡೂ ಅಷ್ಟೆ: ಮಲೆನಾಡಿನಲ್ಲಿ ಪ್ರತಿ ಚುನಾವಣೆಗೂ ರೈತರು ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡುತ್ತಾರೆ. ಒಂದರ ಮೇಲೊಂದು ಒರಗಿಸಿಟ್ಟ ಅವು ಮರಳಿ ಬರುವಾಗ ಮರಕ್ಕೆ ಗೀರು, ಉಕ್ಕಿಗೆ ತುಕ್ಕು. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ನಿಲ್ಲಿಸಿಡಲು ಒಂದು ಮರದ ಚೌಕಟ್ಟು ಮಾಡಿಸಿದರೆ ಆಗುವ ಖರ್ಚು ದೊಡ್ಡದೇನಲ್ಲ. ಜಿಲ್ಲಾಡಳಿತಗಳು ಮನಸ್ಸು ಮಾಡಬೇಕು.

ನಿಮ್ಮ ಅಟ್ಟದಲ್ಲೋ ಕಪಾಟಿನಲ್ಲೋ ಇಂಥದ್ದೊಂದು ಇದ್ದರೆ, ದಯವಿಟ್ಟು ಮಾರುವ ಮೊದಲು ಅದಕ್ಕೆ ಮರಳು ಕಾಗದ ಹಚ್ಚಬೇಡಿ, ಪಾಲಿಶ್ ಮಾಡಿಸಬೇಡಿ, ತೂತು ಕೊರೆಸಬೇಡಿ. ನಂಬರು, ಮುದ್ರೆ, ಕೊಂಡ ವರ್ಷ, ಯಾರಿಂದ ಯಾರಿಗೆ ಬಂತು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹಳೆಯ ಲೈಸೆನ್ಸ್ ಪುಸ್ತಕವನ್ನು ಎಸೆಯಬೇಡಿ. ಲೈಸೆನ್ಸ್ ಇರುವ ರಿಪೇರಿಯವರಿಗೊಮ್ಮೆ ತೋರಿಸಿ. ಮಾರುವುದೇ ಆದರೆ, ಆಯುಧ ಕಾಯ್ದೆಯಂತೆ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಆ ದಿನಗಳಲ್ಲಿ ಅದು ನಿಮ್ಮ ಮನೆಯಲ್ಲೇ ಇರುತ್ತದೆ. ಮಾರುವುದೋ ಇಟ್ಟುಕೊಳ್ಳುವುದೋ ಎಂದು ಇನ್ನೊಮ್ಮೆ ಯೋಚಿಸಲು ಅಷ್ಟು ಸಮಯ ಸಾಕು.