ಹತ್ತು ಸೆಕೆಂಡಿನ ಕೈಗಡ

ಸೇಡಂ–ಚಿಂಚೋಳಿ ನಡುವಿನ ಸುಲೇಪೇಟದ ಸೀಮೆಯಲ್ಲಿ ಮೈಗೆ ತಾಕತ್ತು ಕೊಡುವ ಪುಡಿ ಎಂದರೆ ಶೇಂಗಾ ಹಿಂಡಿ. ಈಚೆಗೆ ಕೆಲವು ಅಡುಗೆಮನೆಗಳ ಮಾಡದಲ್ಲಿ ಅದರ ಪಕ್ಕ ಇನ್ನೊಂದು ಡಬ್ಬಿ ಬಂದು ಕೂತಿದೆ. ಜಿಮ್ಮಿಗೆ ಹೋಗುವ ಮೊಮ್ಮಗನದು. ಬಿಳಿ ಪುಡಿ, ರುಚಿಯಿಲ್ಲ, ವಾಸನೆಯಿಲ್ಲ. “ಏನಪಾ ಇದು, ಸೋಡಾ ಪುಡಿ ಏನು?” ಎಂದರೆ, “ಕ್ರಿಯೇಟಿನ್ ಆಯಿ, ತಾಕತ್ತಿಂದು” ಎನ್ನುತ್ತಾನೆ. ಆಯಿಯ ಮುಂದಿನ ಪ್ರಶ್ನೆ ಇನ್ನೂ ಹರಿತ: “ಮಾಂಸದ್ದೇನು ಮತ್ತ?”

ಕೇಳಬೇಕಾದ ಪ್ರಶ್ನೆಯೇ. ಈ ಪುಡಿಯ ಹುಟ್ಟು ಮಾಂಸದ ಸಾರಿನಲ್ಲಿದೆ. 1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಷೆವ್ರಲ್ ಮಾಂಸದ ಸಾರಿನಿಂದ ಹೊಸದೊಂದು ವಸ್ತುವನ್ನು ಬೇರ್ಪಡಿಸಿ, ಗ್ರೀಕ್ ಭಾಷೆಯಲ್ಲಿ ಮಾಂಸಕ್ಕಿರುವ ‘ಕ್ರೆಯಾಸ್’ ಎಂಬ ಪದದಿಂದ ಹೆಸರಿಟ್ಟ. 1847ರಲ್ಲಿ ಜರ್ಮನಿಯ ಯುಸ್ಟಸ್ ಲೀಬಿಗ್, ಬೇಟೆಯಲ್ಲಿ ಓಡಿ ಓಡಿ ಸತ್ತ ನರಿಯ ಮಾಂಸದಲ್ಲಿ ಸಾಕಿದ ನರಿಯದಕ್ಕಿಂತ ಇದು ಬಹಳ ಹೆಚ್ಚಿರುವುದನ್ನು ಕಂಡ. ದುಡಿಯುವ ಸ್ನಾಯುವಿಗೂ ಇದಕ್ಕೂ ನಂಟಿದೆ ಎಂಬ ಸುಳಿವು ಸಿಕ್ಕಿತು. ಎಂಥ ನಂಟೆಂದು ತಿಳಿಯಲು ಮತ್ತೆ ಎಂಬತ್ತು ವರ್ಷ ಹಿಡಿಯಿತು.

ಅದನ್ನು ಬಿಡಿಸಿದವರಲ್ಲಿ ಒಬ್ಬರು ನಮ್ಮ ನೆರೆಯ ತೆಲುಗು ಸೀಮೆಯವರು. ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಭೀಮಾವರಂನಲ್ಲಿ. ಮದ್ರಾಸಿನ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿ ಮಾತಿಗೆ ಓಗೊಟ್ಟು ಖಾದಿ ತೊಟ್ಟು, ಬ್ರಿಟಿಷ್ ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾದರು. ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಮುಂದೆ ಅಮೆರಿಕದ ಹಾರ್ವರ್ಡ್ ಸೇರಿ, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಚಾಕರಿ ಮಾಡುತ್ತ ಕಲಿತರು. ಅಲ್ಲಿ ಸೈರಸ್ ಫಿಸ್ಕ್ ಜೊತೆಗೂಡಿ ನೀಲಿ ಬಣ್ಣ ಏರುವುದನ್ನು ನೋಡಿ ರಂಜಕವನ್ನು ಅಳೆಯುವ ವಿಧಾನವೊಂದನ್ನು ರೂಪಿಸಿದರು. ಸ್ನಾಯುವಿನ ರಸವನ್ನು ಅಳೆಯಹೊರಟಾಗ ಮಾತ್ರ ನೀಲಿ ಬಣ್ಣ ತಡವಾಗಿ ಏರುತ್ತಿತ್ತು. ಲೆಕ್ಕ ತಪ್ಪಿತೆಂದು ಕೈಬಿಡದೆ ಬೆನ್ನು ಹತ್ತಿದರು. ಕ್ರಿಯೇಟಿನ್ ಜೊತೆ ರಂಜಕ ಅಂಟಿಕೊಂಡಿದೆ, ಮೆಲ್ಲಗೆ ಬಿಡಿಸಿಕೊಳ್ಳುತ್ತಿದೆ. ಬಣ್ಣ ತಡವಾಗುತ್ತಿದ್ದುದು ಅದಕ್ಕೇ. 1927ರಲ್ಲಿ ಫಾಸ್ಫೋಕ್ರಿಯೇಟಿನ್ ಹೀಗೆ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನ ಎಗಲ್ಟನ್ ದಂಪತಿಯೂ ಬೇರೆ ದಾರಿಯಿಂದ ಇಲ್ಲಿಗೇ ಬಂದಿದ್ದರು.

ಸ್ನಾಯು ದುಡಿದಾಗ ಫಾಸ್ಫೋಕ್ರಿಯೇಟಿನ್ ಕರಗುತ್ತದೆ, ದಣಿವಾರಿದಾಗ ಮತ್ತೆ ಕೂಡುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಸ್ನಾಯುವಿಗೆ ನೇರವಾಗಿ ಶಕ್ತಿ ಒದಗಿಸುವ ಎಟಿಪಿ ಎಂಬ ವಸ್ತು ಕಿಸೆಯ ಚಿಲ್ಲರೆ. ಎರಡು ಮೂರು ಸೆಕೆಂಡಿಗೆ ಖಾಲಿ. ಉಂಡ ರೊಟ್ಟಿ ಸುಗ್ಗಿಯ ರಾಶಿ. ರೊಕ್ಕವಾಗಿ ಕೈಸೇರಲು ತಡ. ನಡುವೆ ಆಗಿಬರುವ ಕೈಗಡವೇ ಫಾಸ್ಫೋಕ್ರಿಯೇಟಿನ್. ಹತ್ತು ಸೆಕೆಂಡಿನ ಆಸುಪಾಸು ನಡೆಸಿಕೊಡುತ್ತದೆ. ಶಹಾಬಾದಿನ ಪರಸಿ ಕಲ್ಲನ್ನು ಲಾರಿಗೆ ಏರಿಸುವ ಹಮಾಲಿಯ ಆ ಒಂದು ಎತ್ತು, ತೊಗರಿ ಚೀಲವನ್ನು ಹೆಗಲಿಗೆ ಹಾಕುವ ಕ್ಷಣ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎದೆಗೇರುವ ಹೊತ್ತು, ಎಲ್ಲವೂ ಈ ಕೈಗಡದ ಮೇಲೆಯೇ.

ಕ್ರಿಯೇಟಿನ್ ತಿಂದರೆ ಸ್ನಾಯುವಿಗೆ ಸೇರುತ್ತದೆಯೇ? ರೋಜರ್ ಹ್ಯಾರಿಸ್, ಎರಿಕ್ ಹುಲ್ಟ್‌ಮನ್ ಮತ್ತು ಜೊತೆಗಾರರು 1992ರಲ್ಲಿ ಹೌದೆಂದು ತೋರಿಸಿದರು. 5 ಗ್ರಾಂ ಪುಡಿಯನ್ನು ದಿನಕ್ಕೆ ನಾಲ್ಕಾರು ಸಲ ಕೆಲವು ದಿನ ಕೊಟ್ಟಾಗ ಸ್ನಾಯುವಿನ ದಾಸ್ತಾನು ಏರಿತು. ಮೊದಲೇ ಕಡಿಮೆಯಿದ್ದವರಲ್ಲಿ ಹೆಚ್ಚು ಏರಿತು. ಅದೇ ವರ್ಷದ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಓಟಗಾರರು ಇದನ್ನು ಬಳಸಿದ್ದರೆಂದು ಪತ್ರಿಕೆಗಳು ಬರೆದದ್ದೇ ತಡ, ಪುಡಿ ಡಬ್ಬಿ ಸೇರಿ ಮಾರುಕಟ್ಟೆಗೆ ಇಳಿಯಿತು. ಕ್ರೀಡಾಲೋಕದ ನಿಷೇಧಿತ ಪಟ್ಟಿಯಲ್ಲಿ ಇದಿಲ್ಲ. ಇದು ಸ್ಟೀರಾಯ್ಡ್ ಅಲ್ಲ.

ಇನ್ನು ಆಯಿಯ ಪ್ರಶ್ನೆ. ಹೆಸರು ಮಾತ್ರ ಮಾಂಸದ್ದು. ಇಂದಿನ ಪುಡಿ ಕಾರ್ಖಾನೆಯಲ್ಲಿ ಸಾರ್ಕೋಸಿನ್ ಮತ್ತು ಸಯನಮೈಡ್ ಎಂಬ ರಾಸಾಯನಿಕಗಳಿಂದ ತಯಾರಾಗುತ್ತದೆ. ನಮ್ಮ ಯಕೃತ್ತು, ಮೂತ್ರಪಿಂಡಗಳೂ ದಿನಕ್ಕೆ ಸುಮಾರು 1 ಗ್ರಾಂ ತಾವೇ ಮಾಡಿಕೊಳ್ಳುತ್ತವೆ. ಉಳಿದದ್ದು ಮಾಂಸ, ಮೀನಿನಿಂದ ಬರಬೇಕು; ಜೋಳದಲ್ಲಿ, ತೊಗರಿಯಲ್ಲಿ ಅದಿಲ್ಲ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನ ದಾಸ್ತಾನು ಸಾಮಾನ್ಯವಾಗಿ ಕಡಿಮೆ, ಪುಡಿಯ ಗುಣ ಅವರಲ್ಲೇ ಹೆಚ್ಚು ಕಾಣುವುದುಂಟು. ದಿನಕ್ಕೆ 3ರಿಂದ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಸಾಕು. ಮೊದಲ ವಾರ ತೂಕ ಒಂದೆರಡು ಕಿಲೋ ಏರಿದರೆ ಅದು ಬಹುಪಾಲು ಸ್ನಾಯು ಹಿಡಿದಿಟ್ಟ ನೀರು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ರಕ್ತ ಪರೀಕ್ಷೆಗೆ ಹೋದವರು ಪುಡಿ ತಿನ್ನುವುದನ್ನು ಹೇಳಬೇಕು, ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯೇಟಿನಿನ್ ಅಂಕಿ ತುಸು ಏರಿ ಗಾಬರಿ ಹುಟ್ಟಿಸಬಹುದು.

ಹಾರ್ವರ್ಡ್‌ನಲ್ಲಿ ಕಾಯಂ ನೌಕರಿ ಸಿಗದ ಸುಬ್ಬರಾವ್ 1940ರಲ್ಲಿ ಲೆಡರ್ಲೆ ಪ್ರಯೋಗಾಲಯಕ್ಕೆ ಹೋದರು. ಅವರ ನೇತೃತ್ವದಲ್ಲಿ ಅಲ್ಲಿ ಹೊರಬಂದ ಔಷಧಗಳಲ್ಲಿ ಒಂದು, ಆನೆಕಾಲು ರೋಗಕ್ಕೆ ಕೊಡುವ ಡಿಇಸಿ. ಕಲಬುರಗಿ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದು ಎದುರಿಗೇ ನುಂಗಿಸಿದ್ದು ಅದೇ ಗುಳಿಗೆ. ಸುಬ್ಬರಾವ್ 1948ರಲ್ಲಿ ತೀರಿಕೊಂಡರು. ಮೊಮ್ಮಗನ ಡಬ್ಬಿ ಯಾವ ಪರದೇಶದ್ದೋ ಎಂದು ಆಯಿ ಮೂಗು ಮುರಿಯುತ್ತಾಳೆ. ಅದನ್ನು ಅರ್ಥ ಮಾಡಿಸಿದವರ ಗುಳಿಗೆಯನ್ನು ಆಕೆ ಯಾವಾಗಲೋ ನೀರು ಕುಡಿದು ನುಂಗಿಯಾಗಿದೆ.