ಶೇಂಗಾ ಮತ್ತು ಅದರ ಕಾಡು ಬಂಧುಗಳು

ವಿದ್ಯಾರ್ಥಿಗಳೇ, ಶೇಂಗಾದ ತವರು ದಕ್ಷಿಣ ಅಮೆರಿಕ. ಅಲ್ಲಿನ ಅದರ ಕಾಡು ಬಂಧುಗಳಲ್ಲಿ ಕೆಲವು ಎಲೆಚುಕ್ಕೆ ರೋಗವನ್ನು ಎದುರಿಸಬಲ್ಲವು; ರೈತನ ಬೆಳೆಯಾದರೋ ಅದಕ್ಕೆ ಸುಲಭವಾಗಿ ತುತ್ತಾಗುತ್ತದೆ. ಇವೆರಡನ್ನೂ ಕೂಡಿಸಿ ಗಟ್ಟಿ ತಳಿಯನ್ನು ಪಡೆಯಬಾರದೇಕೆ?

ಅಡ್ಡಿಯಿರುವುದು ಜೀವಕೋಶದಲ್ಲಿ. ಶೇಂಗಾಕ್ಕೆ 40 ವರ್ಣತಂತುಗಳು. ಕಾಡು ಬಂಧುಗಳಲ್ಲಿ ಬಹುಪಾಲಿಗೆ 20 ಮಾತ್ರ. ಎರಡೂ ತಮ್ಮ ಅರ್ಧಭಾಗವನ್ನೀಯಲು ಸಂತಾನಕ್ಕೆ 30 ದೊರೆಯುತ್ತವೆ. ಇವು ಸರಿಯಾಗಿ ಜೋಡಿಗೂಡಲಾರವು. ಆದುದರಿಂದ ಗಿಡ ಹೂ ಬಿಟ್ಟರೂ ಕಾಯಿ ಕಟ್ಟುವುದು ಅಪರೂಪ.

ವಿಜ್ಞಾನಿಗಳು ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಈ 30ನ್ನು 60 ಮಾಡುತ್ತಾರೆ. ಆಗ ಪ್ರತಿಯೊಂದಕ್ಕೂ ಜೊತೆ ದೊರೆತು ಗಿಡ ಫಲಿಸಬಲ್ಲದು. ಬಳಿಕ ಅದನ್ನು ಮತ್ತೆ ಮತ್ತೆ ಶೇಂಗಾದೊಡನೆ ಕೂಡಿಸಿ, 40ಕ್ಕೆ ಮರಳಿದ ಸಸಿಗಳಲ್ಲಿ ರೋಗ ತಡೆಯುವವನ್ನೇ ಆರಿಸುತ್ತಾರೆ. ಇದು ಹಲವು ವರ್ಷಗಳ ತಾಳ್ಮೆಯ ಕೆಲಸ. ಆದರೆ ಕಾಡುಗಿಡವೇ ಅಳಿದುಹೋದರೆ ಯಾವ ತಾಳ್ಮೆಯೂ ಆ ಗುಣವನ್ನು ಮರಳಿ ತರಲಾರದು.